ಕೆಳಗಿನ ಮೂರು ಖಾನೆ

ಬೀರುವಿನ ಹಾಗೆ ನಿಂತಿದೆ ನಡುಮನೆಯಲ್ಲಿ,
ನನಗಿಂತ ಒಂದು ಗೇಣು ಎತ್ತರ.
ಚಿಂತಾಮಣಿಯಲ್ಲಿ ಐಸ್‌ಕ್ರೀಮ್ ಅಂಗಡಿ ಮುಚ್ಚಿದವರಿಂದ
ನಾನೂ ಗಂಗರತ್ನನೂ ಪಾಲು ಹಾಕಿ ಕೊಂಡ ಫ್ರೀಜರ್.
ಟೊಮೆಟೊ ಟೆಂಪೊದಲ್ಲಿ ನಿಲ್ಲಿಸಿಕೊಂಡೇ ತಂದೆವು.
ಮಲಗಿಸಿದರೆ ಎಣ್ಣೆ ಏರಿ ಗಂಟಲು ಕಟ್ಟುತ್ತದಂತೆ.
ದಾರಿಯುದ್ದಕ್ಕೂ ಅವಳು ಅದನ್ನು ತಬ್ಬಿಕೊಂಡಿದ್ದಳು,
ಮೊದಲ ಸಲ ಬಸ್ಸು ಹತ್ತಿದ ಮುದುಕಿಯನ್ನು
ಹಿಡಿದುಕೊಂಡ ಹಾಗೆ.

ಮೇಲಿನ ಮೂರು ಖಾನೆ ನನ್ನವು, ಕೆಳಗಿನ ಮೂರು ಅವಳವು.
ಪುಷ್ಯದ ಚಳಿಗೆ ಹಿದುಕಿದ ಅವರೆಬೇಳೆ,
ಅರ್ಧ ಸೇರಿನ ಕವರು, ಸೊಗಡು ಆಚೆ ಹೋಗದ ಹಾಗೆ ಗಂಟು.
ನನ್ನದು ಬಲಗೈ ಗಂಟು, ಅವಳದು ಎಡಗೈ.
ಕಾಲವಲ್ಲದ ಕಾಲದಲ್ಲಿ ಸಾರು ಬೇಕೆನ್ನುವವರಿಗೆ
ಆಷಾಢದವರೆಗೂ ಮಾರಿದೆವು.

ಈಗ ಏಪ್ರಿಲ್.
ಟಕ್ ಅನ್ನುತ್ತದೆ, ಗುಂಯ್ ಅನ್ನುತ್ತದೆ, ಮತ್ತೆ ಟಕ್.
ಕವರಿನ ಮೂಲೆಗೆ ಹೆಬ್ಬೆರಳು ಇಳಿಯುತ್ತದೆ.

ಬೇಳೆಯನ್ನು ನಾಲ್ಕು ಮನೆಯ ಫ್ರಿಜ್ಜಿಗೆ ಹಂಚಿದೆ.
ಐದನೆಯ ಮನೆ ದಾಟಿಕೊಂಡೇ ಹೋದೆ.

ತಿಳಿದದ್ದೆಲ್ಲ ಮಾಡಿದೆ.
ಹತ್ತು ರೂಪಾಯಿ ನೋಟು ಬಾಗಿಲಿಗೆ ಸಿಕ್ಕಿಸಿ ಎಳೆದೆ:
ಮೇಲೆ ಬಿಗಿ, ಪಕ್ಕದಲ್ಲಿ ಬಿಗಿ,
ಕೆಳಮೂಲೆಯಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು.
ರಬ್ಬರಿನ ಮಡಿಕೆಯಲ್ಲಿ ಜಿಡ್ಡು, ಸತ್ತ ಇರುವೆಯ ಸಾಲು;
ಬಿಸಿನೀರ ಬಟ್ಟೆಯಲ್ಲಿ ಒರೆಸಿ
ಅಮ್ಮನ ಹಿಮ್ಮಡಿಗೆ ಹಚ್ಚುವ ವ್ಯಾಸಲಿನ್ ಸವರಿದೆ.
ಹಿಂದಿನ ಜಾಲರಿಯನ್ನು ಹಳೇ ಬ್ರಷ್ಷಿನಲ್ಲಿ ಉಜ್ಜಿದೆ:
ರಾಗಿ ಹೊಟ್ಟು, ಬೆಕ್ಕಿನ ಕೂದಲು, ಹಳದಿ ಬಳೆಯ ಚೂರು.
ನಾನು ಹಳದಿ ಬಳೆ ತೊಡುವುದಿಲ್ಲ.
ಬಾಗಿಲು ತಾನೇ ಬಂದು ಕೂರಲೆಂದು
ಮುಂಗಾಲಿಗೆ ಹೆಂಚಿನ ಚೂರು ಕೊಟ್ಟೆ.
ಪ್ಲಗ್ಗು ಕಿತ್ತು, ತಪ್ಪಲೆ ತುಂಬ ಬಿಸಿನೀರು ಒಳಗಿಟ್ಟು
ಮಧ್ಯಾಹ್ನವೆಲ್ಲ ಮಂಜು ಕರಗಲು ಕಾದೆ.
ಚಾಕು ಮುಟ್ಟಲಿಲ್ಲ. ಅವಸರದ ಒಂದು ಚುಚ್ಚಿಗೆ
ಒಳಗಿನ ಉಸಿರೇ ಹೋಗುತ್ತದೆ.

ಆದರೂ ಟಕ್.

ಅಮೀರ್ ಜಾನ್ ಬಂದ, ಹೆಗಲಿಗೆ ಒಂದೇ ಚೀಲ.
"ಸಂಜೆ ವೋಲ್ಟೇಜು ನೂರಾ ಎಪ್ಪತ್ತು ಇದೆಯಕ್ಕ,
ಏಳೋಕೆ ಶಕ್ತಿ ಸಾಲ್ದೆ ಒದ್ದಾಡಿ ಒದ್ದಾಡಿ ಸುಟ್ಕೊಂಡಿದೆ."
ಬೆನ್ನಿಂದ ಬೆಂಕಿಪೊಟ್ಟಣದಷ್ಟು ಗಾತ್ರದ್ದೇನೋ ಕಿತ್ತು
ಕಿವಿಯ ಹತ್ತಿರ ಅಲುಗಿಸಿದ. ಗಿಲಗಿಲ.
ಸೀದ ಬೆಲ್ಲದ ವಾಸನೆ.
ಹೊಸದು ಸಿಕ್ಕಿಸಿದ. ಸ್ಟೆಬಿಲೈಸರ್ ತಗೊಳ್ಳಿ ಅಂದ.
ಆಮೇಲೆ ಬಾಗಿಲು ತೆರೆದು ನೋಡಿದ:

"ಇದೇನು, ಕೆಳಗೆಲ್ಲ ಖಾಲಿ?
ಖಾಲಿ ಇಟ್ರೆ ತೆಗೆದಾಗೆಲ್ಲ ಚಳಿ ಕಾಲ್ಮೇಲೆ ಸುರಿದು ಹೋಗತ್ತೆ.
ಒತ್ತೊತ್ತಾಗಿ ಇಟ್ರೆ ಒಂದರ ತಂಪು ಇನ್ನೊಂದು ಕಾಯತ್ತೆ.
ಖಾಲಿಯೇ ಜಾಸ್ತಿ ಕರೆಂಟು ತಿನ್ನೋದು."

ನಮ್ಮ ಜಗಳ ಅದೇ ಆಗಿತ್ತು.
ಅವಳ ಖಾನೆ ಖಾಲಿಯಿದ್ದ ತಿಂಗಳು
ಬಿಲ್ಲಿನ ಅರ್ಧ ಯಾರದು? ನೂರಾ ಹದಿನೆಂಟು ರೂಪಾಯಿ.
ಖಾಲಿಗೇನು ಖರ್ಚು ಅಂದಳು ಅವಳು.
ಗೆದ್ದದ್ದು ನಾನೇ ಅನ್ನಿ;
ಅವತ್ತಿನಿಂದ ಬಿಲ್ಲು ಪೂರ್ತಿ ನನ್ನದು.

ಸೋಡಾ ಬಾಟಲಿಗಳಿಗೆ ನೀರು ತುಂಬಿದೆ, ಇಪ್ಪತ್ತೊಂದು.
ಕತ್ತಿನ ಹತ್ತಿರ ಎರಡು ಬೆರಳು ಜಾಗ ಬಿಡಬೇಕು,
ನೀರು ಕಲ್ಲಾಗುವಾಗ ಉಬ್ಬುತ್ತದೆ.
ಒಂದಕ್ಕೆ ಬಿಡುವುದು ಮರೆತೆ. ಬೆಳಿಗ್ಗೆ ಸೀಳಿತ್ತು.
ರಾತ್ರಿಯೆಲ್ಲ ಸಣ್ಣಗೆ ಗುನುಗುತ್ತಿತ್ತು ಯಂತ್ರ,
ನಾನೂ ಎದ್ದೇ ಇದ್ದೆ.

ನಾಲ್ಕೂ ಮನೆಯಿಂದ ಕವರು ತಂದು ಎಣಿಸಿದೆ.
ಕೊಟ್ಟದ್ದು ಮೂವತ್ತಾರು, ಬಂದದ್ದು ಮೂವತ್ತೇಳು.
ತಪ್ಪಿ ಬಂತೋ, ಯಾರಾದರೂ ಸೇರಿಸಿದರೋ.
ದೀಪದ ಕೆಳಗೆ ಹಿಡಿದು ನೋಡಿದೆ:
ಗಂಟು ಎಡಗೈಯದು.

ಕೆಳಗಿನ ಖಾನೆಯಲ್ಲಿ
ಒಂದು ಬಾಟಲಿ ಸರಿಸಿ ಇಟ್ಟೆ.
ಬಾಗಿಲು ತಾನೇ ಬಂದು ಕೂತಿತು.